ಆರ್ಗನಿಸ್ಟ್‌ಗಳ ಸಂಘದ ಜೊತೆ ಒಂದು ಶನಿವಾರ

ಚರ್ಚಲ್ಲಿ ಆರ್ಗನ್, ಅಂದ್ರೆ ಕೀಲಿ ಒತ್ತಿದ್ರೆ ಪೈಪುಗಳಿಗೆ ಗಾಳಿ ಹೋಗಿ ನುಡಿಯೋ ದೊಡ್ಡ ವಾದ್ಯ, ನುಡಿಸೋರು ಒಬ್ಬರು ನುಡಿಸಿದ್ದನ್ನ ಇನ್ನೊಬ್ಬರು ಕೇಳೋದೇ ಇಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಅವರವರ ಊರಿನ ಚರ್ಚಲ್ಲಿ ಅವರವರ ಬೆಂಚ್ ಮೇಲೆ ಜನಕ್ಕೆ ಬೆನ್ನು ಹಾಕಿ ಕೂತಿರ್ತಾರೆ. ಕ್ವಯರ್‌ನಲ್ಲಿ ಹಾಡೋರಿಗೆ ಪಕ್ಕದಲ್ಲಿ ಇನ್ನೊಬ್ಬರು ಇರ್ತಾರೆ, ಆರ್ಗನಿಸ್ಟ್‌ಗೆ ಇರೋದು ಒಂದು ಸಣ್ಣ ಕನ್ನಡಿ, ಅದರಲ್ಲಿ ಪಾದ್ರಿಗಳು ಎದ್ದು ನಿಂತ್ರಾ, ಕ್ವಯರ್ ಬಂತಾ ಅಂತ ನೋಡ್ಕೊಂಡು ಶುರು ಮಾಡಬೇಕು. ನಾವು ನುಡಿಸಿದ್ದು ಕೆಳಗೆ ಕೂತವರಿಗೆ ಹೇಗೆ ಕೇಳಿಸ್ತು ಅಂತ ನಮಗೆ ಗೊತ್ತಾಗಲ್ಲ, ಯಾಕಂದ್ರೆ ನಾವು ಪೈಪುಗಳ ಬುಡದಲ್ಲೇ ಕೂತಿರ್ತೀವಿ. ಈ ಒಂಟಿತನಕ್ಕೇ ಇರಬೇಕು, ಇಂಗ್ಲೆಂಡಲ್ಲಿ ಊರೂರಿಗೂ ಆರ್ಗನಿಸ್ಟ್‌ಗಳ ಸಂಘ ಅಂತ ಇರತ್ತೆ, ಇವನ್ನೆಲ್ಲ ಒಟ್ಟು ಸೇರಿಸೋ ಒಕ್ಕೂಟ ಹುಟ್ಟಿದ್ದೇ 1913ರಲ್ಲಿ ಅಂದ್ರೆ ನೋಡಿ ಎಷ್ಟು ಹಳೇದು ಅಂತ.

ನಮ್ಮದು ಮಂಗಳೂರು, ಬಾಸೆಲ್ ಮಿಷನ್ ಕಡೆಯವರು. ಪಪ್ಪ ಚರ್ಚಲ್ಲಿ ಲೆಗ್ ಹಾರ್ಮೋನಿಯಂ ನುಡಿಸ್ತಿದ್ರು, ಕಾಲಲ್ಲಿ ತುಳಿದು ಗಾಳಿ ತುಂಬಿಸೋದು, ನಾನು ಅದರಲ್ಲೇ ಕಲಿತಿದ್ದು. ಕೆಲಸದ ಮೇಲೆ ಯಾರ್ಕ್‌ಷೈರ್‌ಗೆ ಬಂದ ಮೇಲೆ ನಾವಿರೋ ಹಳ್ಳಿಯ ಚರ್ಚಲ್ಲಿ ನುಡಿಸ್ತಿದ್ದ ಅಜ್ಜಿಗೆ ಮೆಟ್ಟಿಲು ಹತ್ತೋಕಾಗದೆ ಬಿಟ್ರು, ಪಾದ್ರಿಗಳು ನನ್ನನ್ನ ಕೇಳಿದ್ರು, ನಾನು ಹೂಂ ಅಂದೆ. ಎರಡು ಸಾಲು ಕೀಲಿ ಮತ್ತು ಕಾಲಿಗೆ ಪೆಡಲ್ ಇರೋ ಪುಟ್ಟ ಪೈಪ್ ಆರ್ಗನ್. ಲೆಗ್ ಹಾರ್ಮೋನಿಯಂನಲ್ಲಿ ಕಾಲು ಗಾಳಿಗೆ, ಇಲ್ಲಿ ಗಾಳಿಗೆ ಮೋಟಾರ್ ಇದೆ, ಕಾಲು ಸ್ವರಕ್ಕೆ. ಆ ಅಜ್ಜಿನೇ ನನ್ನನ್ನ ಸಂಘಕ್ಕೆ ಸೇರಿಸಿದ್ದು, ಚಂದಾನೂ ಅವರೇ ಕಟ್ಟಿದ್ರು ಮೊದಲ ವರ್ಷ.

ಸಂಘ ಅಂದ್ರೆ ದೊಡ್ಡ ಆಫೀಸು ಏನಿಲ್ಲ. ಒಬ್ರು ಅಧ್ಯಕ್ಷರು, ಒಬ್ರು ಕಾರ್ಯದರ್ಶಿ, ಒಬ್ರು ಲೆಕ್ಕ ನೋಡ್ಕೊಳ್ಳೋರು, ಎಲ್ಲ ತಾವಾಗೇ ಬಂದು ಮಾಡೋರು. ರಜೆಗೆ ಹೋಗೋವಾಗ ಬದಲಿಗೆ ಯಾರು ನುಡಿಸ್ತಾರೆ ಅನ್ನೋ ಪಟ್ಟಿ ಇರತ್ತೆ, ಇದೊಂದೇ ಸಾಕು ಸಂಘ ಬೇಕು ಅನ್ನೋಕೆ. ಪಿಯಾನೋ ಮಾತ್ರ ಗೊತ್ತಿರೋರನ್ನ ಹಿಡಿದು ಆರ್ಗನ್ ಮುಂದೆ ಕೂರಿಸಿ ಗೀತೆ ನುಡಿಸೋದು ಕಲಿಸ್ತಾರೆ, ಮಕ್ಕಳಿಗೆ ಒಂದು ದಿನ ಚರ್ಚ್ ತೆರೆದಿಟ್ಟು ಯಾವ ಬಟನ್ ಬೇಕಾದ್ರೂ ಎಳೀರಿ ಅಂತ ಬಿಡ್ತಾರೆ.

ಒಂದ್ಸಲ ಡರಮ್‌ಗೆ ಹೋಗಿದ್ವಿ, ಅಲ್ಲಿ ಹ್ಯಾರಿಸನ್ ಅಂಡ್ ಹ್ಯಾರಿಸನ್ ಅಂತ ಆರ್ಗನ್ ಕಟ್ಟೋ ಕಂಪನಿ ಇದೆ, 1861ರಲ್ಲಿ ಶುರುವಾಗಿದ್ದು. ಸೀಸ ಮತ್ತು ತವರ ಕರಗಿಸಿ ಪೈಪಿಗೆ ತಗಡು ಮಾಡೋದನ್ನ ನಾನು ಅಲ್ಲೇ ಮೊದಲು ಅರ್ಥ ಮಾಡ್ಕೊಂಡಿದ್ದು. ಉದ್ದನೆಯ ಬೆಂಚು, ಅದರ ಮೇಲೆ ತಳ ಇಲ್ಲದ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಕರಗಿದ ಲೋಹ ಸುರಿದು ಒಂದೇ ದಮ್ಮಿಗೆ ಬೆಂಚಿನ ಆ ತುದಿವರೆಗೆ ಎಳ್ಕೊಂಡು ಹೋಗ್ತಾರೆ, ಹಿಂದೆ ನೀರುದೋಸೆ ಹಿಟ್ಟು ಹರಡಿದ ಹಾಗೆ ತೆಳ್ಳಗೆ ಒಂದು ಪದರ ಉಳಿಯತ್ತೆ. ಸುರಿದಾಗ ಕನ್ನಡಿ ತರ ಹೊಳೀತಿದ್ದಿದ್ದು ನೋಡ್ತಾ ನೋಡ್ತಾ ಮಂಕಾಗಿ ಗಟ್ಟಿಯಾಗತ್ತೆ. ಆಮೇಲೆ ಅದನ್ನ ಅಳತೆಗೆ ಕತ್ತರಿಸಿ, ಉರುಳೆಗೆ ಸುತ್ತಿ, ಬೆಸುಗೆ ಹಾಕಿ ಪೈಪ್ ಮಾಡ್ತಾರೆ. ಭಾನುವಾರ ನನ್ನ ಬೆರಳ ಕೆಳಗೆ ಬರೋ ಸ್ವರದ ಹಿಂದೆ ಇಷ್ಟು ಕೈಕೆಲಸ ಇದೆ ಅಂತ ಕಣ್ಣಾರೆ ನೋಡಿದ ಮೇಲೆ ನುಡಿಸೋ ರೀತಿನೇ ಸ್ವಲ್ಪ ಬದಲಾಯ್ತು, ನಿಜವಾಗ್ಲೂ.

ಇನ್ನು ಆ ಶನಿವಾರಕ್ಕೆ ಬರ್ತೀನಿ. ವರ್ಷಕ್ಕೊಂದು ದೊಡ್ಡ ಔಟಿಂಗ್ ಇರತ್ತೆ, ಈ ಸಲ ಶುಲ್ಟ್ಸೆ ಆರ್ಗನ್‌ಗಳು ಅಂತ ಇಟ್ಕೊಂಡಿದ್ರು. ಎಡ್ಮಂಡ್ ಶುಲ್ಟ್ಸೆ ಜರ್ಮನಿಯ ಥುರಿಂಗಿಯಾದವರು, 1851ರ ಲಂಡನ್ ಮಹಾಪ್ರದರ್ಶನಕ್ಕೆ ತಮ್ಮ ಆರ್ಗನ್ ತಂದಿದ್ರು, ಅದನ್ನ ಕೇಳಿದ ಮೇಲೆ ಇಂಗ್ಲೆಂಡಿನವರು ಇವರನ್ನ ಕರೆದು ಕರೆದು ಆರ್ಗನ್ ಕಟ್ಟಿಸ್ಕೊಂಡ್ರು. ಬೆಳಿಗ್ಗೆ ಲೀಡ್ಸ್ ಪಕ್ಕದ ಆರ್ಮ್ಲಿ, ಮಧ್ಯಾಹ್ನ ಡಾನ್‌ಕಾಸ್ಟರ್. ಬಾಡಿಗೆ ಬಸ್ಸು, ಹೆಚ್ಚಿನವರು ರಿಟೈರ್ ಆದವರು, ಒಬ್ಬ ಹೈಸ್ಕೂಲ್ ಹುಡುಗ ತಾಯಿ ಜೊತೆ ಬಂದಿದ್ದ, ಎಲ್ಲರ ಕೈಯಲ್ಲೂ ಒಂದೊಂದು ಬಟ್ಟೆ ಚೀಲ, ಅದರೊಳಗೆ ಆರ್ಗನ್ ಶೂಸ್. ತೆಳು ಚರ್ಮದ ಅಟ್ಟೆ, ಸ್ವಲ್ಪ ಹಿಮ್ಮಡಿ, ರಸ್ತೆ ಮೇಲೆ ಅದನ್ನ ಹಾಕಲ್ಲ, ಪೆಡಲ್ ಮೇಲೆ ಮರಳಿನ ಕಣ ಬೀಳಬಾರದು ಅಂತ.

ಆರ್ಮ್ಲಿಯ ಸೇಂಟ್ ಬಾರ್ತಲೋಮ್ಯೂ ಚರ್ಚು ದೊಡ್ಡದು, ಒಳಗೆ ಚಳಿ. ಅಲ್ಲಿರೋ ಆರ್ಗನ್ ಮೊದಲು ಚರ್ಚಿಗೆ ಅಂತ ಕಟ್ಟಿದ್ದೇ ಅಲ್ಲ. ಥಾಮಸ್ ಸ್ಟುವರ್ಟ್ ಕೆನೆಡಿ ಅಂತ ಲೀಡ್ಸ್‌ನ ಉದ್ಯಮಿ, ಪರ್ವತಾರೋಹಿ ಕೂಡ, ತಮ್ಮ ಮೀನ್‌ವುಡ್ ಟವರ್ಸ್ ಬಂಗಲೆ ತೋಟದಲ್ಲಿ ಆರ್ಗನ್‌ಗೇ ಅಂತ ಒಂದು ಮರದ ಮನೆ ಕಟ್ಟಿಸಿ ಅದರಲ್ಲಿ ಇದನ್ನ ಇಡಿಸಿದ್ರು, 1869ರ ಮಾತು, ಆ ಕಾಲದ ದೊಡ್ಡ ಆರ್ಗನಿಸ್ಟ್ ಎಸ್.ಎಸ್. ವೆಸ್ಲಿ ಬಂದು ನುಡಿಸಿದ್ರು. ಆಮೇಲೆ ಅಲ್ಲಿಂದ ಹ್ಯಾರೋಗೇಟ್‌ನ ಚರ್ಚಿಗೆ, ಮತ್ತೆ 1879ರಲ್ಲಿ ಆರ್ಮ್ಲಿಗೆ. ಇಷ್ಟು ದೊಡ್ಡ ವಾದ್ಯಾನ ಪೈಪ್ ಪೈಪ್ ಬಿಚ್ಚಿ ಕುದುರೆ ಗಾಡಿ ಕಾಲದಲ್ಲಿ ಸಾಗಿಸಿ ಮತ್ತೆ ಜೋಡಿಸಿದ್ದಾರೆ ಅಂದ್ರೆ ಆ ಕೆಲಸದವರಿಗೆ ಕೈ ಮುಗೀಬೇಕು.

ಕ್ರಮ ಏನಂದ್ರೆ, ಆ ಚರ್ಚಿನ ಆರ್ಗನಿಸ್ಟ್ ಮೊದಲು ಒಂದೊಂದೇ ಸ್ಟಾಪ್, ಅಂದ್ರೆ ಒಂದೊಂದು ಸಾಲು ಪೈಪನ್ನ ನುಡಿಸೋ ಗುಂಡಿ, ಎಳೆದು ಕೇಳಿಸ್ತಾರೆ, ಆಮೇಲೆ ನಮ್ಮಲ್ಲಿ ಬೇಕಾದವರು ಸರದಿ ಪ್ರಕಾರ ಸ್ವಲ್ಪ ಸ್ವಲ್ಪ ಹೊತ್ತು ನುಡಿಸಬಹುದು, ಉಳಿದವರು ಚರ್ಚಲ್ಲಿ ಬೇರೆ ಬೇರೆ ಕಡೆ ಓಡಾಡ್ಕೊಂಡು ಕೇಳೋದು. ಸ್ಟಾಪ್ ಮೇಲೆ ಎಂಟು ಅಡಿ ಅಂತ ಬರೆದಿದ್ರೆ ಆ ಸಾಲಿನ ಅತಿ ಕೆಳಗಿನ ಸ್ವರದ ಪೈಪು ಸುಮಾರು ಎಂಟು ಅಡಿ ಉದ್ದ ಅಂತ ಅರ್ಥ, ನಾಲ್ಕು ಅಡಿ ಅಂದ್ರೆ ಒಂದು ಸ್ಥಾಯಿ ಮೇಲೆ, ಹದಿನಾರು ಅಂದ್ರೆ ಒಂದು ಸ್ಥಾಯಿ ಕೆಳಗೆ. ಅವರು ಮೊದಲು ಗ್ರೇಟ್ ಅನ್ನೋ ಕೀಲಿ ಸಾಲಿನ ಎಂಟಡಿ ಡಯಾಪೇಸನ್, ಅಂದ್ರೆ ಆರ್ಗನ್ನಿನ ಮೂಲ ಧ್ವನಿಯ ಸ್ಟಾಪ್, ಒಂದನ್ನೇ ಎಳೆದು ನಾಲ್ಕು ಸ್ವರ ಹಿಡಿದ್ರು. ಒಂದೇ ಸ್ಟಾಪು, ಅಷ್ಟು ದೊಡ್ಡ ಚರ್ಚು ತುಂಬಿ ಹೋಯ್ತು, ಆದ್ರೂ ಕಿವಿಗೆ ಹೊಡೀಲಿಲ್ಲ. ಶುಲ್ಟ್ಸೆ ಪೈಪಿನ ಬುಡದ ತೂತನ್ನ ಕಿರಿದು ಮಾಡದೆ ಗಾಳಿ ಧಾರಾಳವಾಗಿ ಬಿಡ್ತಿದ್ರಂತೆ, ಶಬ್ದ ಆ ತರ ಬರೋದು ಅದಕ್ಕೇ ಅಂತ ವಿವರಿಸಿದ್ರು. ಅದರ ಮೇಲೆ ನಾಲ್ಕಡಿ, ಎರಡಡಿ, ಕೊನೆಗೆ ಮಿಕ್ಸ್ಚರ್. ಮಿಕ್ಸ್ಚರ್ ಅಂದ್ರೆ ಒಂದು ಕೀಲಿ ಒತ್ತಿದ್ರೆ ಹಲವು ಸಣ್ಣ ಪೈಪು ಒಟ್ಟಿಗೆ ಮೇಲಿನ ಸ್ವರಗಳಲ್ಲಿ ನುಡಿಯೋದು. ನಮ್ಮ ಹಳ್ಳಿ ಆರ್ಗನ್ನಲ್ಲಿ ಮಿಕ್ಸ್ಚರ್ ಎಳೆದ್ರೆ ಕರ್ಕಶ ಅಂತ ನಾನು ಮುಟ್ಟೋದೇ ಇಲ್ಲ, ಇಲ್ಲಿ ಅದು ಬೇರೆ ಅಂತ ಅನಿಸಲೇ ಇಲ್ಲ, ಕೆಳಗಿನ ಸ್ವರಕ್ಕೇ ಬೆಳಕು ಬಂದಂಗಾಯ್ತು. ಒಂದು ಎಚ್ಚರಿಕೆನೂ ಹೇಳಿದ್ರು, ಚಳಿ ಜಾಸ್ತಿ ಇದೆ, ಟ್ರಂಪೆಟ್ ಮುಟ್ಟಬೇಡಿ ಅಂತ. ಚಳಿಗೆ ಮಾಮೂಲಿ ಪೈಪಿನ ಶ್ರುತಿ ಕೆಳಗಿಳಿಯತ್ತೆ, ಟ್ರಂಪೆಟ್ ಸ್ಟಾಪಿನಂಥ ರೀಡ್ ಪೈಪಿನದ್ದು, ಅಂದ್ರೆ ಒಳಗೆ ಲೋಹದ ನಾಲಿಗೆ ಅದುರಿ ನುಡಿಯೋ ಪೈಪಿನದ್ದು, ಅಷ್ಟಾಗಿ ಇಳಿಯಲ್ಲ, ಎರಡೂ ಸೇರಿದ್ರೆ ಅಪಶ್ರುತಿ.

ನನ್ನ ಸರದಿ ಬಂದಾಗ ಏನು ನುಡಿಸೋದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನಮ್ಮ ಕನ್ನಡ ಸಂಗೀತ ಪುಸ್ತಕದಲ್ಲಿ ಜರ್ಮನ್ ರಾಗಗಳು ತುಂಬಾ ಇವೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಂದಿದ್ದು, ಪಪ್ಪ ಹಬ್ಬದ ಆರಾಧನೆ ಮುಗಿದಾಗ ಯಾವಾಗ್ಲೂ ನುಡಿಸ್ತಿದ್ದ ಒಂದು ಕೃತಜ್ಞತಾ ಗೀತೆ ಇದೆ, ಅದನ್ನೇ ಹಿಡಿದೆ. ಮೊದಲ ಚರಣ ಆ ಡಯಾಪೇಸನ್ ಒಂದರಲ್ಲೇ ನುಡಿಸಿದೆ. ಎರಡನೇದಕ್ಕೆ ನಾಲ್ಕಡಿ ಸೇರಿಸೋವಾಗ ಕೆಳಗಿಂದ ಯಾರೋ ಹಾಡೋದು ಕೇಳಿಸ್ತು, ಆಮೇಲೆ ಇನ್ನಿಬ್ಬರು, ಆಮೇಲೆ ಎಲ್ಲರೂ, ಅವರು ಇಂಗ್ಲಿಷ್‌ನಲ್ಲಿ, ಅದೇ ರಾಗ ಅವರ ಪುಸ್ತಕದಲ್ಲೂ ಇದೆಯಲ್ಲ. ನಾನು ನುಡಿಸ್ತಾ ನುಡಿಸ್ತಾ ಕನ್ನಡದಲ್ಲಿ ಹಾಡಿದೆ, ಜೋರಾಗೇ ಹಾಡಿದೆ. ಆರ್ಗನಿಸ್ಟ್‌ಗಳೇ ತುಂಬಿರೋ ಸಭೆ ಹಾಡೋದು ಹೇಗಿರತ್ತೆ ಅಂದ್ರೆ, ಎಲ್ಲಿ ಉಸಿರು ತಗೋಬೇಕು ಎಲ್ಲಿ ಎಳೀಬಾರದು ಅಂತ ಒಬ್ಬೊಬ್ಬರಿಗೂ ಗೊತ್ತು, ನಾಲ್ಕೂ ಧ್ವನಿ ತಾನಾಗೇ ಹಂಚಿಕೊಂಡ್ರು, ಬಾಸ್ ಹಾಡೋರು ಬಾಸ್, ಟೆನರ್‌ನವರು ಟೆನರ್. ಕೆಳಗಿಳಿದು ಬಂದಾಗ ರಿಟೈರ್ಡ್ ಮೇಷ್ಟ್ರು ಒಬ್ರು ಹತ್ತಿರ ಬಂದು, "ಕೊನೇ ಸಾಲಿಗೆ ಮುಂಚೆ ಜನಕ್ಕೆ ಉಸಿರಾಡೋಕೆ ಜಾಗ ಬಿಟ್ರಲ್ಲ, ಅದು ಬಹಳ ಚೆನ್ನಾಗಿತ್ತು, ಆದ್ರೆ ಇಲ್ಲಿ ಶಬ್ದ ನಿಧಾನಕ್ಕೆ ಆರತ್ತೆ, ಇನ್ನೂ ಸ್ವಲ್ಪ ಬಿಡಿ" ಅಂದ್ರು. ಇಷ್ಟು ವರ್ಷ ನುಡಿಸಿದ್ದಕ್ಕೆ "ಚೆನ್ನಾಗಿತ್ತು" ಅಂತ ಎಷ್ಟೋ ಜನ ಹೇಳಿದ್ದಾರೆ, ಹೀಗೆ ಜಾಗ ತೋರಿಸಿ ಹೇಳಿದವರು ಪಪ್ಪನ ನಂತರ ಇವರೇ.

ಹುಡುಗ ಎಕೋ ಅನ್ನೋ ಕೀಲಿ ಸಾಲು ಹುಡುಕಿಕೊಂಡ. ಬಹಳ ಮೃದು ಸ್ಟಾಪುಗಳು ಅಲ್ಲಿರೋದು. ಎಲ್ಲರೂ ದೊಡ್ಡ ಶಬ್ದ ಮಾಡಿ ಹೋದ ಮೇಲೆ ಇವನು ಅದೊಂದರಲ್ಲೇ ಏನೋ ತನ್ನಷ್ಟಕ್ಕೆ ಹುಟ್ಟಿಸ್ಕೊಂಡು ನುಡಿಸ್ತಾ ಹೋದ, ಸಮಯ ಮುಗೀತು ಅಂತ ಹೇಳಬೇಕಾಗಿದ್ದ ಕಾರ್ಯದರ್ಶಿ ಗಡಿಯಾರ ನೋಡೋದೇ ಬಿಟ್ಟು ಸುಮ್ಮನೆ ಕೂತಿದ್ರು. ತಾಯಿ ಹೇಳಿದ್ರು, ಮನೆಯಲ್ಲಿ ಆರ್ಗನ್ ಇಲ್ಲ, ವಾರಕ್ಕೊಂದು ಸಲ ಚರ್ಚಿನ ಬೀಗದ ಕೈ ಕೊಡ್ತಾರೆ, ಸಂಘದ ಹಿರಿಯರೊಬ್ಬರು ದುಡ್ಡು ತಗೊಳ್ದೆ ಪಾಠ ಹೇಳ್ತಾರೆ ಅಂತ. ಇಂಥ ಮಕ್ಕಳು ಇನ್ನೂ ಬರಬೇಕು. ಇಲ್ಲಿ ಚರ್ಚುಗಳು ಮುಚ್ಚೋವಾಗ ಆರ್ಗನ್‌ಗಳು ಗುಜರಿಗೆ ಹೋಗ್ತಿವೆ, ಕೆಲವು ಬೇರೆ ದೇಶದವರು ಕೊಂಡು ಬಿಚ್ಚಿಕೊಂಡು ಹೋಗ್ತಾರೆ, ಅವಾದ್ರೂ ಉಳೀತವೆ. ನುಡಿಸೋರು ಇಲ್ಲ ಅಂತ ಬೀಗ ಹಾಕಿದ ಆರ್ಗನ್ ಮಾತ್ರ ಬೇಗ ಹಾಳಾಗತ್ತೆ.

ಡಾನ್‌ಕಾಸ್ಟರ್ ಬಗ್ಗೆ ಜಾಸ್ತಿ ಬರೆಯಲ್ಲ, ಅಲ್ಲಿ ನಾನು ನುಡಿಸಲಿಲ್ಲ, ಕೇಳೋದೇ ಬೇಕಾಗಿತ್ತು. ಹಳೇ ಚರ್ಚು 1853ರಲ್ಲಿ ಬೆಂಕಿಗೆ ಹೋಗಿ, ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಹೊಸದು ಕಟ್ಟಿ, 1862ರಲ್ಲಿ ಶುಲ್ಟ್ಸೆ ಆರ್ಗನ್ ಬಂತು, ಐದು ಸಾಲು ಕೀಲಿ, 94 ಸ್ಟಾಪು. ಅದರ ಮೂವತ್ತೆರಡು ಅಡಿ ಪೆಡಲ್ ಒಂದನ್ನ ನಮ್ಮವರೊಬ್ಬರು ಒತ್ತಿದಾಗ ಕುರ್ಚಿ ಮೇಲಿಟ್ಟ ನನ್ನ ಅಂಗೈಗೆ ಮೊದಲು ಗೊತ್ತಾಯ್ತು, ಕಿವಿಗೆ ಆಮೇಲೆ. ಆ ಸಾಲಿನ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 16 ಕಂಪನ, ಮನುಷ್ಯರ ಕಿವಿಯ ಅಂಚಿನಲ್ಲೇ ಇರೋದು.

ನನಗೆ ಆವತ್ತಿನ ದೊಡ್ಡ ಖುಷಿ ಸಿಕ್ಕಿದ್ದು ಎರಡು ಚರ್ಚುಗಳ ಮಧ್ಯೆ, ಊಟದ ಹೊತ್ತಲ್ಲಿ. ಪಕ್ಕ ಕೂತವರು ಹಡರ್ಸ್‌ಫೀಲ್ಡ್‌ನವರು. ಇಂಡಿಯಾದಲ್ಲಿ ಪೈಪ್ ಆರ್ಗನ್ ಇದೆಯಾ ಅಂತ ಕೇಳಿದ್ರು. ಬೆಂಗಳೂರಿನ ಕಬ್ಬನ್ ರೋಡಲ್ಲಿ ಸೇಂಟ್ ಆಂಡ್ರ್ಯೂಸ್ ಚರ್ಚ್ ಇದೆ, ಅಲ್ಲಿನ ಆರ್ಗನ್ 1881ರದ್ದು, ಕಟ್ಟಿದವರು ನಿಮ್ಮ ಊರಿನ ಪೀಟರ್ ಕೊನಾಕರ್ ಕಂಪನಿ ಅಂದೆ. ಅವರು ಫೋರ್ಕ್ ಕೆಳಗಿಟ್ಟು ಬಿಟ್ರು. "ನಮ್ಮ ಮನೆಯಿಂದ ಆ ಹಳೇ ವರ್ಕ್‌ಶಾಪ್ ಇದ್ದ ಜಾಗಕ್ಕೆ ನಡ್ಕೊಂಡು ಹೋಗಬಹುದು, ನಾನು ಮೊದಲು ಕಲಿತಿದ್ದೂ ಕೊನಾಕರ್ ಆರ್ಗನ್ ಮೇಲೇ" ಅಂತ ಹೇಳಿ, ಹೆಂಡತಿಗೆ ಅಲ್ಲೇ ಫೋನ್ ಮಾಡಿ ಬೆಂಗಳೂರು ವಿಷಯ ಹೇಳಿದ್ರು. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಮಳೆಗಾಲದಲ್ಲಿ ಮರ ಉಬ್ಬಲ್ವಾ, ಚರ್ಮಕ್ಕೆ ಏನು ಮಾಡ್ತಾರೆ, ಶ್ರುತಿ ಮಾಡೋರು ಎಲ್ಲಿಂದ ಬರ್ತಾರೆ, ಗೆದ್ದಲು ಹಿಡಿಯಲ್ವಾ ಅಂತ. ನನಗೆ ಗೊತ್ತಿದ್ದಿದ್ದು ನಮ್ಮ ಲೆಗ್ ಹಾರ್ಮೋನಿಯಂ ಕಥೆ, ಮಂಗಳೂರಿನ ಜುಲೈನಲ್ಲಿ ತಿದಿಗೆ ಬೂಷ್ಟು ಹಿಡಿದು ಕೀಲಿಗಳು ಒತ್ತಿದ್ದು ಒತ್ತಿದ ಹಾಗೇ ಕೂತು ಬಿಡ್ತಿದ್ವು, ಪಪ್ಪ ಒಳಗೆ ಬಲ್ಬ್ ಉರಿಸಿ ಇಡ್ತಿದ್ರು ಒಣಗಲಿ ಅಂತ. ಅದನ್ನ ಹೇಳಿದೆ. ಮೇಜಿನ ಸುತ್ತ ಇದ್ದವರೆಲ್ಲ ಊಟ ಬಿಟ್ಟು ಕೇಳಿದ್ರು, ಬಲ್ಬ್ ಎಷ್ಟು ವ್ಯಾಟಿನದ್ದು ಅಂತಾನೂ ಕೇಳಿದ್ರು.

ಬಸ್ಸಲ್ಲಿ ವಾಪಸ್ ಬರೋವಾಗ ಕಾರ್ಯದರ್ಶಿ ಬಂದು ಚಳಿಗಾಲದ ಸಭೆಗೆ ನೀವೇ ಮಾತಾಡಬೇಕು, ವಿಷಯ ಕರ್ನಾಟಕದ ಚರ್ಚುಗಳ ಆರ್ಗನ್ ಮತ್ತು ಹಾರ್ಮೋನಿಯಂ ಅಂತ ಹೇಳಿ ಡೈರಿಯಲ್ಲಿ ಬರ್ಕೊಂಡೇ ಹೋದ್ರು. ಒಪ್ಪಿದ್ದೀನಿ, ಮನಸಾರೆ ಒಪ್ಪಿದ್ದೀನಿ. ನಮ್ಮಲ್ಲೂ ಇಂಥ ಒಂದು ಸಂಘ ಆಗಬೇಕು ಅಂತ ನನಗೆ ಬಹಳ ಇದೆ, ಮಂಗಳೂರು, ಉಡುಪಿ, ಹುಬ್ಬಳ್ಳಿ, ಧಾರವಾಡದಲ್ಲಿ ಭಾನುವಾರ ಭಾನುವಾರ ನುಡಿಸೋರು ಎಷ್ಟು ಜನ ಇದ್ದಾರೆ, ಹೆಚ್ಚಿನ ಕಡೆ ಈಗ ಕೀಬೋರ್ಡ್ ಬಂದಿದೆ, ಹಾರ್ಮೋನಿಯಂ ಮೂಲೆಗೆ ಹೋಗಿದೆ, ಆದ್ರೆ ನುಡಿಸೋರಿಗೆ ಒಬ್ಬರಿಗೊಬ್ಬರ ಪರಿಚಯ ಇಲ್ಲ. ವರ್ಷಕ್ಕೊಂದು ಶನಿವಾರ ಒಂದು ಚರ್ಚಲ್ಲಿ ಸೇರಿ, ಒಬ್ಬರು ನುಡಿಸೋದು ಉಳಿದವರು ಹಾಡೋದು, ಮಧ್ಯಾಹ್ನ ಊಟ, ಇಷ್ಟು ಸಾಕು ಶುರು ಮಾಡೋಕೆ. ಡಿಸೆಂಬರ್‌ನಲ್ಲಿ ಊರಿಗೆ ಬರ್ತೀನಿ, ಸಭಾಪಾಲಕರ ಹತ್ರ ಮಾತಾಡಿದ್ದೀನಿ. ನಿಮ್ಮ ಚರ್ಚಲ್ಲಿ ಹಳೇ ಲೆಗ್ ಹಾರ್ಮೋನಿಯಂ ಇದ್ರೆ, ಕೆಟ್ಟು ಕೂತಿದ್ರೂ ಪರವಾಗಿಲ್ಲ, ಕಂಪನಿ ಹೆಸರಿರೋ ಜಾಗದ ಒಂದು ಫೋಟೋ ಮತ್ತೆ ಅದನ್ನ ನುಡಿಸ್ತಿದ್ದವರು ಯಾರು ಅಂತ ಎರಡು ಸಾಲು ಬರೆದು ಕಳಿಸಿ, ಚಳಿಗಾಲದ ಮಾತಿಗೆ ಮುಂಚೆ ಸಿಕ್ಕಿದ್ರೆ ಇಲ್ಲಿನವರಿಗೂ ತೋರಿಸ್ತೀನಿ.