ದೊಡ್ಡಮ್ಮನ ಎಂಟು ನಂಬರ್ ಕಡ್ಡಿ

ಸ್ವೆಟರ್ ಹೆಣೆಯೋದು ಕಲಿಯಬೇಕು ಅಂದಿದ್ದಕ್ಕೆ ದೊಡ್ಡಮ್ಮ ಮರುದಿನವೇ ಹೊರಟು ನಿಂತರು. ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು. ಅಂಗಡಿಯವರು "ಕಡ್ಡಿ ಎಷ್ಟು ನಂಬರ್?" ಅಂದಾಗ ನನಗೆ ಏನೂ ತೋಚಲಿಲ್ಲ. "ಎಂಟು ಕೊಡಪ್ಪಾ, ಹೊಸಬಳು" ಅಂದರು ದೊಡ್ಡಮ್ಮ. ಹಳೇ ಬ್ರಿಟಿಷ್ ಲೆಕ್ಕ ಇದು, ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿಲಿಮೀಟರ್, 12 ಅಂದರೆ 2.75. ಕಪ್ಪು ಉಲ್ಲನ್ ಎತ್ತಿಕೊಂಡೆ, ದೊಡ್ಡಮ್ಮ ಕೈಯಿಂದ ಕಿತ್ತು ವಾಪಸ್ ಇಟ್ಟರು. ಕಪ್ಪಿನಲ್ಲಿ ಕುಣಿಕೆ ಕಾಣಲ್ಲವಂತೆ. ತಿಳಿ ಹಳದಿ ಬಂತು. ಉಲ್ಲನ್ ಅಂತ ನಾವು ಕರೆಯೋದಷ್ಟೇ, ಅದು ಅಕ್ರಿಲಿಕ್. ಬಿಸಿ ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಹಾಳು.

ಕಡ್ಡಿಗೆ ಕುಣಿಕೆ ಏರಿಸೋದು, ದಾರ ಹಿಂದಿಟ್ಟು ಹೆಣೆಯೋ ಸೀದಾ ಕುಣಿಕೆ ಹಾಕೋದು ಬೇಗ ಬಂತು. ಎಲ್ಲ ಸಾಲೂ ಸೀದಾ ಹಾಕಿದರೆ ಎರಡೂ ಕಡೆ ಗಂಟುಗಂಟಾದ ಏರು ಬರುತ್ತದೆ. ತಲೆ ಕೆಟ್ಟಿದ್ದು ಉಲ್ಟಾ ಹಾಕುವಾಗ. ದಾರ ಮುಂದೆ ತರಬೇಕು, ಕಡ್ಡಿ ಬಲದಿಂದ ಎಡಕ್ಕೆ ತೂರಬೇಕು, ಬೆರಳು ಮಾತ್ರ ಒಪ್ಪುತ್ತಿಲ್ಲ. ಆಗ ದೊಡ್ಡಮ್ಮ ಬಟ್ಟೆ ತಿರುಗಿಸಿ ನನ್ನ ಕಣ್ಣೆದುರು ಹಿಡಿದರು. "ಈ ಕಡೆ ಗಂಟು ಕಾಣುತ್ತಾ? ಈಗ ಹಿಂದೆ ನೋಡೇ, ಬಾಣದ ತುದಿ ಥರ ಇದೆ. ಎರಡೂ ಒಂದೇ ಕುಣಿಕೆ ಕಣೇ!" ಸೀದಾ ಕುಣಿಕೆಯನ್ನೇ ಹಿಂದಿನಿಂದ ನೋಡಿದರೆ ಉಲ್ಟಾ. ಇಷ್ಟು ಗೊತ್ತಾದ ಮೇಲೆ ಸಾಲು ಎಣಿಸುವ ಗೋಜೇ ಇಲ್ಲ. ಬಟ್ಟೆ ನೋಡಿದರೆ ಮುಂದೆ ಏನು ಹಾಕಬೇಕು ಅಂತ ತಿಳಿಯುತ್ತದೆ. ಯಾವ ವಿಡಿಯೋದಲ್ಲೂ ನನಗೆ ಇದು ಹೊಳೆದಿರಲಿಲ್ಲ.

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕುತ್ತಾ ಹೋದರೆ ಅಂಚು ಸುರುಳಿ ಸುತ್ತುತ್ತದೆ. ಅದು ನಮ್ಮ ಕೈಯ ದೋಷ ಅಲ್ಲ, ಆ ಹೆಣಿಗೆಯ ಗುಣ. ಎರಡೂ ಬದಿ ನಾಲ್ಕು ನಾಲ್ಕು ಕುಣಿಕೆ ಎಲ್ಲ ಸಾಲಿನಲ್ಲೂ ಸೀದಾ ಹಾಕಿಕೊಂಡರೆ ಬದಿಯ ಅಂಚು ಮಟ್ಟಸವಾಗಿ ಕೂರುತ್ತದೆ.

ಸ್ವೆಟರ್ ಹೆಣಿಗೆಗಿಂತ ಕ್ರೋಶಾ ಸುಲಭ ಅಂತಲೇ ನನ್ನ ಲೆಕ್ಕ. ಒಂದೇ ಕೊಕ್ಕೆ ಕಡ್ಡಿ, ಅದರ ಮೇಲೆ ಬಾಕಿ ಉಳಿಯೋದು ಒಂದೇ ಕುಣಿಕೆ. ಜಾರಿದರೂ ನಾಲ್ಕಾರು ಹೊಲಿಗೆ ಬಿಚ್ಚಬಹುದು ಅಷ್ಟೇ. ಸ್ವೆಟರ್ ಕಡ್ಡಿಯಿಂದ ಒಂದು ಕುಣಿಕೆ ಜಾರಿದರೆ ಏಣಿ ಥರ ಕೆಳಗಿನವರೆಗೂ ಬಿಚ್ಚಿಕೊಂಡು ಹೋಗುತ್ತದೆ. ಅದನ್ನು ಒಂದೊಂದೇ ಮೆಟ್ಟಿಲು ಮೇಲೆತ್ತೋಕೂ ಬೇಕಾಗೋದು ಕ್ರೋಶಾ ಕಡ್ಡಿಯೇ! ವಿಡಿಯೋ ನೋಡಿ ಕ್ರೋಶಾ ಕಲಿಯುವವರು ಮಾತ್ರ ಒಂದು ಗಮನಿಸಿ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನೋ ಹೊಲಿಗೆಯನ್ನು ಬ್ರಿಟಿಷರು ಡಬಲ್ ಅಂತಾರೆ. ಯಾರ ಲೆಕ್ಕ ಅಂತ ಮೊದಲೇ ನೋಡಿಕೊಳ್ಳದಿದ್ದರೆ ಅಳತೆ ಎಲ್ಲೆಲ್ಲೋ ಹೋಗುತ್ತದೆ.

"ಬೆಂಗಳೂರಲ್ಲಿ ಈಗೆಲ್ಲಿ ಚಳಿ, ಸ್ವೆಟರ್ ಯಾರಿಗೆ?" ಅಂದರು ದೊಡ್ಡಪ್ಪ. ದೊಡ್ಡಮ್ಮ ತಲೆ ಕೂಡ ಎತ್ತಲಿಲ್ಲ. ಮುಂದಿನ ವಾರ ಎರಡು ಸೀದಾ, ಎರಡು ಉಲ್ಟಾ ಹಾಕಿ ತೋಳಿನ ಪಟ್ಟಿ ಕಲಿಸ್ತಾರಂತೆ. ಹಾಗೆ ಹಾಕಿದರೇನೇ ಅದು ಎಳೆದಷ್ಟು ಹಿಗ್ಗಿ ವಾಪಸ್ ಬರೋದು.