ತಪ್ಪು ಗಿಟಾರ್‌ನಲ್ಲಿತ್ತು, ನಾನು ಆಂಪ್ ತಿದ್ದುತ್ತಿದ್ದೆ

ಸ್ಟೇಜ್ ಶೋಗಳಿಗೆ ಗಿಟಾರ್ ನುಡಿಸುವುದು ನನ್ನ ಹೊಟ್ಟೆಪಾಡು. ಒಂದೇ ಶೋನಲ್ಲಿ ಅಕೌಸ್ಟಿಕ್ ಬೇಕು, ಸಿಂಗಲ್ ಕಾಯಿಲ್ ಪಿಕಪ್‌ನ (ಪಿಕಪ್ ಅಂದರೆ ತಂತಿಯ ಸದ್ದು ಹಿಡಿಯುವ ಭಾಗ) ತೆಳು ದನಿ ಬೇಕು, ಹಮ್‌ಬಕರ್ ಪಿಕಪ್‌ನ ದಪ್ಪ ದನಿ ಬೇಕು, ಒಂದೆರಡು ಹಾಡಿಗೆ ದಪ್ಪ ತಂತಿಯನ್ನು ಇಳಿಸಿದ ಡ್ರಾಪ್ ಡಿ ಶ್ರುತಿಯೂ ಬೇಕು. ನಾಲ್ಕು ಗಿಟಾರ್ ಹೊತ್ತು ಹೊತ್ತು ಬೆನ್ನು ಹಿಡಿದುಕೊಂಡ ಮೇಲೆ ಹಲವು ಗಿಟಾರ್‌ಗಳ ದನಿ ಕೊಡುವ ಲೈನ್ 6 ಕಂಪನಿಯ ವೇರಿಯಾಕ್ಸ್ ಗಿಟಾರ್ ಒಂದು, ಆಂಪ್‌ಗಳ (ಗಿಟಾರ್ ಆಂಪ್ಲಿಫೈಯರ್) ದನಿ ನಕಲು ಮಾಡುವ ಕೆಂಪರ್ ಪ್ರೊಫೈಲರ್ ಒಂದು ತೆಗೆದುಕೊಂಡೆ. ಇನ್ನು ಆರಾಮು ಅಂದುಕೊಂಡಿದ್ದೆ. ಆರಾಮು ಬಂತು, ಆದರೆ ಮೂರು ತಿಂಗಳು ತಡವಾಗಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ವೇರಿಯಾಕ್ಸ್‌ನ ಬ್ರಿಡ್ಜ್‌ನಲ್ಲಿ ಆರು ತಂತಿಗೂ ಒಂದೊಂದು ಪೀಜೋ ಪಿಕಪ್ ಇದೆ. ತಂತಿಯ ಸದ್ದು ಗಿಟಾರ್ ಒಳಗೇ ಡಿಜಿಟಲ್ ಆಗುತ್ತದೆ, ಒಳಗಿನ ಚಿಪ್ ಅದಕ್ಕೆ ಬೇರೆ ಬೇರೆ ಗಿಟಾರ್‌ಗಳ ವೇಷ ಹಾಕುತ್ತದೆ. ಪ್ರೊಫೈಲರ್ ದಾರಿ ಬೇರೆ. ಅದು ನಿಜವಾದ ಆಂಪ್‌ಗೆ ಪರೀಕ್ಷೆಯ ಸದ್ದುಗಳನ್ನು ಕಳಿಸಿ, ಮೈಕ್‌ನಲ್ಲಿ ವಾಪಸ್ ಬಂದದ್ದನ್ನು ಕೇಳಿಸಿಕೊಂಡು, ಆಂಪ್, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ), ಮೈಕ್ ಮೂರನ್ನೂ ಸೇರಿಸಿ ಒಂದು ಅಚ್ಚು ತೆಗೆಯುತ್ತದೆ, ಅದೇ ಪ್ರೊಫೈಲ್. ಅಂದರೆ ಗಿಟಾರೂ ವೇಷ, ಆಂಪೂ ವೇಷ. ಸದ್ದು ಕೆಟ್ಟರೆ ಯಾರನ್ನು ಹಿಡಿಯುವುದು? ನಾನು ಹಿಡಿದದ್ದು ಆಂಪನ್ನು.

ಮೊದಲ ದಿನದಿಂದಲೇ ಗೇನ್ (ದನಿಯನ್ನು ಉಬ್ಬಿಸಿ ಒರಟಾಗಿಸುವ ಮಟ್ಟ) ಜಾಸ್ತಿ ಇರುವ ರಿಗ್‌ಗಳಲ್ಲಿ, ಅಂದರೆ ಪ್ರೊಫೈಲ್ ಜೊತೆ ಸೆಟ್ಟಿಂಗ್ ಸೇರಿಸಿ ಉಳಿಸಿಟ್ಟವುಗಳಲ್ಲಿ, ಕೆಳಗಿನ ದನಿ ಕೆಸರಾಗುತ್ತಿತ್ತು. ಕಾರ್ಡ್ ಹಿಡಿದರೆ ಒಂದಕ್ಕೊಂದು ಅಂಟಿಕೊಂಡ ಹಾಗೆ. ಪ್ರೊಫೈಲ್ ಸರಿ ಇಲ್ಲ ಅಂತ ಇನ್ನೊಂದು ಹುಡುಕಿದೆ. ಅದೂ ಹಾಗೇ. ಕೊನೆಗೆ ಪ್ರತಿ ರಿಗ್‌ನಲ್ಲೂ ಬಾಸ್ ಕಡಿಮೆ ಮಾಡಿದೆ. ಆಗ ಕೆಸರು ಹೋಯಿತು, ಜೊತೆಗೆ ಮೇಲಿನ ತಂತಿಗಳ ಮೈಕಟ್ಟೂ ಹೋಯಿತು. ಅದಕ್ಕೆ ಮಿಡ್ಲ್ ಏರಿಸಿದೆ. ವೇರಿಯಾಕ್ಸ್‌ನ ವೇಷಗಳಲ್ಲಿ (ಮಾಡೆಲ್) ಲೆಸ್ಟರ್ ಅನ್ನುವುದಕ್ಕೆ ಒಂದು ರಿಗ್, ಸ್ಪ್ಯಾಂಕ್ ಅನ್ನುವುದಕ್ಕೆ ಇನ್ನೊಂದು, ಸೋಲೋಗೆ ಮತ್ತೊಂದು. ಲೆಕ್ಕ 46ಕ್ಕೆ ಮುಟ್ಟಿತು. ಎಲ್ಲದಕ್ಕೂ ಹೆಸರಿಟ್ಟು ಬಣ್ಣ ಹಚ್ಚಿಟ್ಟಿದ್ದೆ, ಹೆಮ್ಮೆ ಬೇರೆ.

ಒಂದು ರಿಹರ್ಸಲ್ ಮುಗಿದ ಮೇಲೆ ಸೌಂಡ್ ಎಂಜಿನಿಯರ್ ಬಂದು, "ಸರ್, ನಿಮ್ಮ ಫೇಡರ್ ಮೇಲಿಂದ ಕೈ ತೆಗೆಯೋಕೇ ಆಗ್ತಿಲ್ಲ. ಒಂದು ಸಲ ಆಂಪ್ ಗೀಂಪ್ ಏನೂ ಬೇಡ, ಬರೀ ಗಿಟಾರ್ ಕೊಡಿ" ಅಂದರು. ಫೇಡರ್ ಅಂದರೆ ಮಿಕ್ಸರ್‌ನಲ್ಲಿ ದನಿ ಏರಿಸಿ ಇಳಿಸುವ ಜಾರುಗುಂಡಿ. ನನಗೆ ಒಳಗೊಳಗೇ ಸಿಟ್ಟು. ಆದರೂ ಗಿಟಾರನ್ನು ನೇರವಾಗಿ ಅವರ ಮಿಕ್ಸರ್‌ಗೆ ಹಾಕಿದೆ. ಒಂದೊಂದೇ ತಂತಿಯನ್ನು ಒಂದೇ ಒತ್ತಿನಲ್ಲಿ ಮೀಟಿ ಅಂದರು. ಒಂದರಿಂದ ಐದರವರೆಗೆ ಮೀಟರ್ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿತು. ಆರನೇ, ಅಂದರೆ ಅತಿ ದಪ್ಪನೆಯ ತಂತಿ ಮೀಟಿದ ಕೂಡಲೇ ಹಾರಿತು.

ಮೂರು ತಿಂಗಳ ಕೆಸರಿನ ಮೂಲ ಅಲ್ಲಿತ್ತು. ಕ್ಲೀನ್ ದನಿಯಲ್ಲಿ ಅದು ಸ್ವಲ್ಪ ಜೋರು ಅನ್ನಿಸುತ್ತದೆ, ಅಷ್ಟೇ. ಡಿಸ್ಟಾರ್ಷನ್‌ಗೆ, ಅಂದರೆ ಒರಟು ದನಿಗೆ ಹೋದರೆ ಕತೆಯೇ ಬೇರೆ. ಜೋರಾಗಿರುವ ತಂತಿ ಮೊದಲು ಆಂಪನ್ನು ತುಂಬಿಬಿಡುತ್ತದೆ, ಉಳಿದ ಐದು ತಂತಿಗಳೂ ಅದರ ಅಡಿಯಲ್ಲಿ ನಲುಗುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು 46 ಎಮ್ಮೆಗಳಿಗೆ ಬರೆ ಎಳೆದಿದ್ದೆ.

ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸಿದರೆ ವರ್ಕ್‌ಬೆಂಚ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪ್ರತಿ ತಂತಿಯ ಮಟ್ಟವನ್ನು ಬೇರೆ ಬೇರೆಯಾಗಿ ಇಳಿಸಬಹುದು, ಏರಿಸಬಹುದು. ನನಗದು ಗೊತ್ತಿತ್ತು. ಪಿಕಪ್ ಬದಲಿಸಿ ಆಟ ಆಡಲು ಹತ್ತಾರು ಸಲ ತೆರೆದಿದ್ದೆ, ಮಟ್ಟ ನೋಡಲು ಒಮ್ಮೆಯೂ ಇಲ್ಲ. ಹತ್ತು ನಿಮಿಷದ ಕೆಲಸ. ಆಮೇಲೆ ನಾನು ಮೊದಲ ವಾರದಲ್ಲಿ ಬಿಸಾಕಿದ್ದ ಪ್ರೊಫೈಲನ್ನೇ ಮತ್ತೆ ಹಾಕಿದೆ, ಏನೂ ತಿದ್ದದೆ. ಚೆನ್ನಾಗೇ ಇತ್ತು!

ಮಾಡೆಲ್‌ನಿಂದ ಮಾಡೆಲ್‌ಗೆ ಇರುವ ವ್ಯತ್ಯಾಸ ಬೇರೆ ವಿಷಯ. ಅದು ಇರಬೇಕಾದ್ದೇ, ಹಮ್‌ಬಕರ್ ಸಿಂಗಲ್ ಕಾಯಿಲ್‌ಗಿಂತ ಜಾಸ್ತಿ ಒತ್ತುವುದು ಸಹಜ ಅಲ್ವಾ. ಅದಕ್ಕೆ ಕೆಂಪರ್‌ನ ಇನ್‌ಪುಟ್ ವಿಭಾಗದಲ್ಲಿ ಎರಡು ನಾಬ್ ಇವೆ. ಡಿಸ್ಟಾರ್ಷನ್ ಸೆನ್ಸ್ ಗಿಟಾರ್ ಎಷ್ಟು ಒತ್ತಿ ಗೇನ್ ಎಬ್ಬಿಸಬೇಕು ಅನ್ನುವುದನ್ನು ನೋಡಿಕೊಳ್ಳುತ್ತದೆ. ಕ್ಲೀನ್ ದನಿ ಡಿಸ್ಟಾರ್ಷನ್ ದನಿಯ ಮುಂದೆ ಜೋರಾಗಿ ಅಥವಾ ಮೆಲ್ಲಗೆ ಕೇಳಿದರೆ ಕ್ಲೀನ್ ಸೆನ್ಸ್ ಮುಟ್ಟಬೇಕು. ಇನ್‌ಪುಟ್ ವಿಭಾಗವನ್ನು ಲಾಕ್ ಮಾಡಿದರೆ ರಿಗ್ ಬದಲಾದರೂ ಅದು ಅಲುಗುವುದಿಲ್ಲ. ನಾನು ಲಾಕ್ ಮಾಡಿದ್ದೇನೆ.

ಅಕೌಸ್ಟಿಕ್ ಮಾಡೆಲ್‌ಗೆ ಮಾತ್ರ ಪೂರ್ತಿ ಬೇರೆ ರಿಗ್ ಬೇಕು. ಅದರಲ್ಲಿ ಆಂಪ್, ಕ್ಯಾಬಿನೆಟ್ ಎರಡೂ ಆಫ್. ಗಿಟಾರ್ ಸ್ಪೀಕರ್‌ಗಳು ಮೇಲಿನ ದನಿಯನ್ನು ಸುಮಾರು 5,000 ಹರ್ಟ್ಸ್ ಆಚೆ ಕತ್ತರಿಸಿಬಿಡುತ್ತವೆ, ಪ್ರೊಫೈಲ್‌ಗೂ ಅದೇ ಗುಣ. ಅಕೌಸ್ಟಿಕ್‌ನ ಮಿನುಗು ಇರುವುದೇ ಅಲ್ಲಿ. ತೊಂದರೆ ಏನೆಂದರೆ ಗಿಟಾರ್‌ನ ಮಾಡೆಲ್ ಕೈಯಲ್ಲಿ ತಿರುಗಿಸಬೇಕು, ರಿಗ್ ಕಾಲಲ್ಲಿ ಒತ್ತಬೇಕು. ಲೈನ್ 6ರದ್ದೇ ಪೆಡಲ್ ಬೋರ್ಡ್ ಇದ್ದರೆ ಅದರ ವಿಡಿಐ ಕೇಬಲ್ ಎರಡನ್ನೂ ಒಟ್ಟಿಗೆ ಬದಲಿಸುತ್ತದೆ. ಕೆಂಪರ್‌ಗೆ ಆ ಕೇಬಲ್ ಹಾಕಲು ಜಾಗವಿಲ್ಲ. ಒಂದು ಶೋನಲ್ಲಿ ಕಾಲು ಒತ್ತಿತು, ಕೈ ಮರೆಯಿತು. ಮೆಲ್ಲನೆಯ ಹಾಡಿನ ಶುರುವಿಗೆ ಆಂಪೇ ಇಲ್ಲದ ಎಲೆಕ್ಟ್ರಿಕ್ ದನಿ ಬಂತು, ರಬ್ಬರ್ ಬ್ಯಾಂಡ್ ಎಳೆದ ಹಾಗೆ. ಗಾಯಕಿ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಈಗ ಹಾಡಿನ ಪಟ್ಟಿಯಲ್ಲಿ ಕೈ ಗುರುತನ್ನು ಕೆಂಪಿನಲ್ಲಿ, ಕಾಲು ಗುರುತನ್ನು ನೀಲಿಯಲ್ಲಿ ಬರೆದುಕೊಳ್ಳುತ್ತೇನೆ.

ಎರಡು ಸಲ ಡಿಜಿಟಲ್ ಆದರೆ ತಡ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತದೆ, ಕೆಲವು ಮಿಲಿಸೆಕೆಂಡ್. ಸದ್ದು ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ, ಸ್ಟೇಜ್ ಮಾನಿಟರ್ ಸ್ಪೀಕರ್‌ನಿಂದ ಎರಡು ಹೆಜ್ಜೆ ಹಿಂದೆ ನಿಂತರೂ ಅಷ್ಟೇ ತಡ. ನನಗೇನೂ ತೊಂದರೆ ಆಗಿಲ್ಲ.

ವೇರಿಯಾಕ್ಸ್‌ನ ಶ್ರುತಿ ಬದಲಿಸುವ ನಾಬ್ ನನ್ನನ್ನು ಹೆಚ್ಚು ಕಾಡಿದೆ. ಸ್ಪೀಕರ್‌ನಲ್ಲಿ ಇಳಿದ ಶ್ರುತಿ ಬರುತ್ತದೆ, ಆದರೆ ಕೈಯಲ್ಲಿರುವ ತಂತಿ ಹಳೆಯ ಶ್ರುತಿಯಲ್ಲೇ ಮಿಡಿಯುತ್ತಿರುತ್ತದೆ. ಸ್ಟೇಜ್ ಗದ್ದಲದಲ್ಲಿ ಕೇಳಿಸುವುದಿಲ್ಲ. ಮನೆಯಲ್ಲಿ ಸಣ್ಣ ದನಿಯಲ್ಲಿ ಅಭ್ಯಾಸಕ್ಕೆ ಕೂತರೆ ಎರಡೂ ಒಟ್ಟಿಗೆ ಕೇಳಿ ತಲೆ ಚಿಟ್ಟು ಹಿಡಿಯುತ್ತದೆ. ಹಾಗಾಗಿ ಆ ಹಾಡುಗಳಿಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳುತ್ತೇನೆ.

46 ರಿಗ್ ಅಳಿಸಿದೆ. ಈಗ ಏಳು ಇವೆ. ಶೋ ದಿನ ಮೊದಲು ಬ್ಯಾಟರಿ ನೋಡುತ್ತೇನೆ, ಆಮೇಲೆ ಆಂಪ್ ಇಲ್ಲದೆ ಆರು ತಂತಿ ಮೀಟಿ ಮೀಟರ್ ನೋಡುತ್ತೇನೆ. ಆ ಎಂಜಿನಿಯರ್ ಈಗ ನನ್ನ ಚಾನೆಲ್ ಹತ್ತಿರ ಟೀ ಲೋಟ ಇಟ್ಟುಕೊಳ್ಳುತ್ತಾರೆ.