ಕೊಳೆ ಅಂತ ಬರೀರಿ, ಕೊಲೆ ಅಲ್ಲ

ತೀರ್ಥಹಳ್ಳಿ ಕಡೆ ಮಳೆ ಬಿಡ್ತಾನೇ ಇಲ್ಲ, ಬೆಳಿಗ್ಗೆ ಎದ್ದು ವಾಟ್ಸಾಪ್ ನೋಡಿದ್ರೆ ಅಣ್ಣನ ಮೆಸೇಜು, "ತೋಟದಲ್ಲಿ ಕೊಲೆ ಶುರುವಾಗಿದೆ" ಅಂತ, ಎದೆ ಧಸಕ್ ಅಂತು. ಅಡಿಕೆಗೆ ಬರೋ ಕೊಳೆರೋಗ ಅದು! ಒಂದು ಳ ಹೋಗಿ ಲ ಆದ್ರೆ ಇಷ್ಟೆಲ್ಲಾ ಆಗುತ್ತೆ. ಮಲೆ ಅಂದ್ರೆ ಬೆಟ್ಟ, ಅದಕ್ಕೇ ನಮ್ದು ಮಲೆನಾಡು, ಎಷ್ಟೋ ಜನ ಮಳೆನಾಡು ಅಂತ ಬರೀತಾರೆ ನೋಡಿ ಬೇಜಾರಾಗುತ್ತೆ. ಹೋಗ್ತೀನಿ ಬರ್ತೀನಿ ಅಂತ ಮಾತಾಡಿದ ಹಾಗೇ ಟೈಪ್ ಮಾಡೋದು ನಂಗೂ ಇಷ್ಟ, ಅದು ತಪ್ಪಲ್ಲ, ಆದ್ರೆ ಅರ್ಥ ಕೆಡಬಾರ್ದು. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್ ಅಂತ ಅಳತೆ ತಪ್ಪದೆ ಹಾಕೋ ಅಣ್ಣ ಅಕ್ಷರಕ್ಕೂ ಅಷ್ಟೇ ಗಮನ ಕೊಡ್ಲಿ ಅಂತ ಫೋನ್ ಮಾಡಿ ಹೇಳ್ದೆ. ಮಳೆ ಹೊಳವಾದ್ರೆ ನಾಳೆನೇ ಔಷಧಿ ಹೊಡಿತಾನಂತೆ.